ಏರಿನಲ್ಲಿ ನಿಂತು ಇಳಿಜಾರಿನಲ್ಲಿ ಓಡುವ ವೈಪರ್

ಕಳೆದ ಆಷಾಢದಲ್ಲಿ ನಮ್ಮ ದೊಡ್ಡಪ್ಪನ 1951ರ ಷೆವರ್ಲೆ ಕಾರಿನಲ್ಲಿ ಧರ್ಮಸ್ಥಳಕ್ಕೆ ಹೋಗಿದ್ದೆವು. ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿ, ನಮ್ಮದಿನ್ನೂ ರಸ್ತೆಯ ಮೇಲೆ ಓಡುತ್ತಿದೆ ಎಂಬ ಹೆಮ್ಮೆಯಲ್ಲಿ ಮರಳಿ ಹೊರಟೆವು. ಚಾರ್ಮಾಡಿ ಘಾಟಿ ಹತ್ತತೊಡಗಿದಾಗ ಮಳೆ ಹಿಡಿಯಿತು. ಎರಡನೆಯ ತಿರುವಿನಲ್ಲಿ ವೈಪರ್ ನಿಧಾನವಾಯಿತು; ಮೂರನೆಯದರಲ್ಲಿ ಗಾಜಿನ ನಡುವೆಯೇ ನಿಂತಿತು. ದೊಡ್ಡಪ್ಪ ಗಾಬರಿಯಾಗಲಿಲ್ಲ. ಎಕ್ಸಲರೇಟರ್‌ನಿಂದ ಒಂದು ಕ್ಷಣ ಕಾಲು ತೆಗೆದರು. ಬ್ಲೇಡುಗಳು ಎರಡು ಸಲ ಸರಸರನೆ ಆಡಿದವು. ಮತ್ತೆ ಕಾಲು ಒತ್ತಿದರು, ಮತ್ತೆ ನಿಂತವು.

ಹಿಂದಿನ ಸೀಟಿನಲ್ಲಿದ್ದ ಮಕ್ಕಳಿಗೆ ಇದು ಮಾಟದಂತೆ ಕಂಡಿತು. ಆದರೆ ಮುಂದೆ ಸ್ವಲ್ಪ ಹೊತ್ತಿಗೆ ಕಾಲು ತೆಗೆದರೂ ಬ್ಲೇಡು ಆಡಲಿಲ್ಲ. ಆಗ ದೊಡ್ಡಪ್ಪನೂ ಕಾರು ಬದಿಗೆ ನಿಲ್ಲಿಸಿದರು. ಮೊದಲಿನದು ಆ ಕಾರಿನ ಸ್ವಭಾವ, ಎರಡನೆಯದು ರೋಗ. ಇವೆರಡರ ವ್ಯತ್ಯಾಸ ತಿಳಿಯದೆ ಎಷ್ಟೋ ಜನ ಚೆನ್ನಾಗಿರುವ ವೈಪರ್ ಮೋಟರ್ ಬಿಚ್ಚಿ ಹಾಳು ಮಾಡುತ್ತಾರೆ.

ಐವತ್ತು ವರ್ಷ ದಾಟಿದ ವಾಹನಗಳ ನೋಂದಣಿಗೆ ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ನಿಯಮ ತಂದ ಮೇಲೆ, ಅಜ್ಜನ ಕಾಲದ ಕಾರನ್ನು ಕೊಟ್ಟಿಗೆಯಿಂದ ಹೊರಗೆ ತೆಗೆಯುವ ಆಸೆ ಹಲವರಿಗೆ ಬಂದಿದೆ. ಎಂಜಿನ್, ಬ್ರೇಕು, ಬಣ್ಣ ಎಲ್ಲ ಸರಿಯಾದ ಮೇಲೆ ಮೊದಲ ಮಳೆಗೆ ಎದುರಾಗುವ ಒಗಟು, ಎಂಜಿನ್ ಗಾಳಿ ಹೀರುವ ಬಲದಿಂದಲೇ ಓಡುವ ಈ ವ್ಯಾಕ್ಯೂಮ್ ವೈಪರ್. ಇದಕ್ಕೆ ವೈರ್ ಇಲ್ಲ, ಫ್ಯೂಸ್ ಇಲ್ಲ. ಇಂದಿನ ಗ್ಯಾರೇಜಿನ ಹುಡುಗರಲ್ಲಿ ಬಹಳಷ್ಟು ಮಂದಿ ಇದನ್ನು ನೋಡಿಯೇ ಇಲ್ಲ.

ವ್ಯಾಕ್ಯೂಮ್ ಎಂದರೆ ಇಲ್ಲಿ ಏನು?

ಎಳನೀರಿಗೆ ಕೊಳವೆ ಹಾಕಿ ಹೀರುವಾಗ ನೀರನ್ನು ನಾವೇ ಮೇಲಕ್ಕೆ ಎಳೆಯುತ್ತಿದ್ದೇವೆ ಅನ್ನಿಸುತ್ತದೆ. ನಿಜಕ್ಕೂ ನಾವು ಮಾಡುವುದು ಬಾಯೊಳಗಿನ ಗಾಳಿಯ ಒತ್ತಡವನ್ನು ಕಡಿಮೆ ಮಾಡುವುದಷ್ಟೇ. ಹೊರಗಿನ ಗಾಳಿ ಎಳನೀರಿನ ಮೇಲೆ ಭಾರ ಹಾಕಿ ಅದನ್ನು ಕೊಳವೆಯೊಳಗೆ ತಳ್ಳುತ್ತದೆ. ನಮ್ಮ ಸುತ್ತಲಿನ ಗಾಳಿ ಸಮುದ್ರ ಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು ಒಂದು ಕಿಲೋ ಭಾರ ಹಾಕುತ್ತಲೇ ಇರುತ್ತದೆ. ಎಲ್ಲ ಕಡೆಯಿಂದಲೂ ಸಮನಾಗಿ ಒತ್ತುವುದರಿಂದ ನಮಗೆ ಗೊತ್ತಾಗುವುದಿಲ್ಲ. ಒಂದು ಬದಿಯ ಗಾಳಿಯನ್ನು ತೆಗೆದರೆ ಇನ್ನೊಂದು ಬದಿಯ ಭಾರ ಕೆಲಸಕ್ಕೆ ಸಿಗುತ್ತದೆ.

ವ್ಯಾಕ್ಯೂಮ್ ಎಂಬುದಕ್ಕೆ ನಿಘಂಟಿನ ಅರ್ಥ ಸಂಪೂರ್ಣ ಶೂನ್ಯ. ಮೆಕ್ಯಾನಿಕ್ ಹೇಳುವ ವ್ಯಾಕ್ಯೂಮ್ ಎಂದರೆ ಹೊರಗಿಗಿಂತ ಒಳಗೆ ಒತ್ತಡ ಕಡಿಮೆ ಇರುವುದು, ಅಷ್ಟೇ. ನಾನು ಇದನ್ನು ಎಳೆತ ಎಂದು ಕರೆಯುತ್ತೇನೆ. ಇದನ್ನು ಅಳೆಯುವುದು ಪಾದರಸದ ಇಂಚುಗಳಲ್ಲಿ, ಅಂದರೆ ಆ ಎಳೆತಕ್ಕೆ ಕೊಳವೆಯಲ್ಲಿ ಪಾದರಸ ಎಷ್ಟು ಇಂಚು ಮೇಲೇರುತ್ತದೆ ಎಂಬ ಲೆಕ್ಕದಲ್ಲಿ. ಸಂಪೂರ್ಣ ಶೂನ್ಯವಾದರೆ ಸುಮಾರು 30 ಇಂಚು, ಏನೂ ಇಲ್ಲದಿದ್ದರೆ ಸೊನ್ನೆ.

ಎಂಜಿನ್ ಎಂಬ ಹೀರುವ ಯಂತ್ರ

ಪೆಟ್ರೋಲ್ ಎಂಜಿನ್ನಿನ ಪಿಸ್ಟನ್ ಕೆಳಗೆ ಇಳಿಯುವಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆ ಹೀರುತ್ತದೆ. ಆ ಗಾಳಿ ಬರುವ ದಾರಿಯಲ್ಲಿ, ಕಾರ್ಬ್ಯುರೇಟರ್‌ನೊಳಗೆ, ಒಂದು ಸಣ್ಣ ಲೋಹದ ಬಾಗಿಲಿದೆ. ಅದೇ ಥ್ರಾಟಲ್. ಎಕ್ಸಲರೇಟರ್ ಒತ್ತಿದರೆ ಆ ಬಾಗಿಲು ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ಬಾಗಿಲಿಗೂ ಸಿಲಿಂಡರಿಗೂ ನಡುವೆ ಇರುವ ಕೊಳವೆಗಳ ಗುಂಪೇ ಇನ್‌ಲೆಟ್ ಮ್ಯಾನಿಫೋಲ್ಡ್. ಬಾಗಿಲು ಮುಚ್ಚಿದ್ದು ಪಿಸ್ಟನ್‌ಗಳು ಹೀರುತ್ತಲೇ ಇದ್ದರೆ ಮ್ಯಾನಿಫೋಲ್ಡ್‌ನಲ್ಲಿ ಎಳೆತ ಹುಟ್ಟುತ್ತದೆ. ಕೊಳವೆಯ ತುದಿಗೆ ಹೆಬ್ಬೆರಳು ಒತ್ತಿಕೊಂಡು ಹೀರಿದರೆ ಕೆನ್ನೆ ಒಳಗೆ ಹೋಗುವುದಿಲ್ಲವೇ, ಹಾಗೆ.

ಆರೋಗ್ಯವಾಗಿರುವ ಹಳೆಯ ಎಂಜಿನ್ ಐಡ್ಲಿಂಗ್‌ನಲ್ಲಿ, ಅಂದರೆ ಕಾಲು ಒತ್ತದೆ ಸುಮ್ಮನೆ ಓಡುತ್ತಿರುವಾಗ, ಸಮುದ್ರ ಮಟ್ಟದಲ್ಲಿ 17ರಿಂದ 21 ಇಂಚಿನಷ್ಟು ಎಳೆತ ಕೊಡುತ್ತದೆ. ಇಳಿಜಾರಿನಲ್ಲಿ ಗೇರಿನಲ್ಲೇ ಇಟ್ಟು ಕಾಲು ಬಿಟ್ಟರೆ ಇನ್ನೂ ಹೆಚ್ಚು. ಘಾಟಿ ಏರುವಾಗ ಎಕ್ಸಲರೇಟರ್ ಪೂರ್ತಿ ಒತ್ತಿದರೆ ಬಾಗಿಲು ಹಾರುಹೊಡೆದು, ಎಳೆತ ಒಂದೆರಡು ಇಂಚಿಗೆ ಇಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ಒಂದು ಇಂಚು ಎಳೆತವೆಂದರೆ ಪ್ರತಿ ಚದರ ಸೆಂಟಿಮೀಟರ್‌ಗೆ ಸುಮಾರು 35 ಗ್ರಾಂ ಬಲ. ವೈಪರ್ ಮೋಟರಿನ ಒಳಗಿನ ಹಲಗೆ 20 ಚದರ ಸೆಂಟಿಮೀಟರ್ ಇದೆ ಎಂದಿಟ್ಟುಕೊಳ್ಳಿ. 18 ಇಂಚಿನ ಎಳೆತದಲ್ಲಿ ಅದರ ಮೇಲೆ ಹನ್ನೆರಡು ಕಿಲೋಗಿಂತ ಹೆಚ್ಚು ಬಲ ಬೀಳುತ್ತದೆ. 3 ಇಂಚಿನಲ್ಲಿ ಎರಡು ಕಿಲೋ ಮಾತ್ರ. ಒದ್ದೆ ಗಾಜಿನ ಮೇಲೆ ಎರಡು ಬ್ಲೇಡು ಎಳೆಯಲು ಅದು ಸಾಲದು. ಏರಿನಲ್ಲಿ ವೈಪರ್ ಸೋಲುವುದಕ್ಕೆ ಇದೇ ಕಾರಣ. ಮಳೆ ಜೋರಾಗಿರುವಾಗ ಲಾರಿಯೊಂದನ್ನು ಹಿಂದಿಕ್ಕಲು ಕಾಲು ಒತ್ತಿದಾಗಲೇ, ಕಣ್ಣಿಗೆ ಗಾಜು ಬೇಕೇ ಬೇಕಾದ ಹೊತ್ತಿನಲ್ಲೇ, ಅದು ಕೈಕೊಡುತ್ತದೆ. ಹಾಗಾಗಿ ಈ ಕಾರುಗಳಲ್ಲಿ ಮಳೆಯಲ್ಲಿ ಹಿಂದಿಕ್ಕುವುದನ್ನೇ ಬಿಟ್ಟುಬಿಡಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಎತ್ತರದ ಊರಿನವರು ಇನ್ನೊಂದು ವಿಷಯ ನೆನಪಿಡಬೇಕು. ಮೇಲಕ್ಕೆ ಹೋದಂತೆ ಹೊರಗಿನ ಗಾಳಿಯ ಭಾರವೇ ಕಡಿಮೆ. ಪ್ರತಿ 300 ಮೀಟರ್‌ಗೆ ಸುಮಾರು ಒಂದು ಇಂಚು ಕಳೆಯುತ್ತದೆ. ಮಂಗಳೂರಿನಲ್ಲಿ 19 ತೋರಿಸಿದ ಎಂಜಿನ್, 900 ಮೀಟರ್ ದಾಟಿದ ಬೆಂಗಳೂರಿನಲ್ಲಿ 16 ತೋರಿಸಿದರೆ ಅದಕ್ಕೆ ಏನೂ ಆಗಿಲ್ಲ. ಅಮೆರಿಕದ ಹಳೆಯ ಕೈಪಿಡಿಯ ಅಂಕಿ ಹಿಡಿದುಕೊಂಡು ಎಂಜಿನ್ ಬಿಚ್ಚಲು ಹೋಗಬೇಡಿ.

ಕರೆಂಟ್ ಇರಲಿಲ್ಲವೇ?

ಇತ್ತು, ಆದರೆ ಕಡಿಮೆ. ಆ ಕಾಲದ ಅಮೆರಿಕದ ಕಾರುಗಳಲ್ಲಿ ಹೆಚ್ಚಿನವು 6 ವೋಲ್ಟಿನವು. ದೀಪ, ಹಾರ್ನ್, ಸ್ಟಾರ್ಟರ್ ಇವುಗಳಿಗೇ ಬ್ಯಾಟರಿ ಏದುಸಿರು ಬಿಡುತ್ತಿತ್ತು. ಎಂಜಿನ್ನಿನ ಎಳೆತವಾದರೋ ಪುಕ್ಕಟೆ. ಗಾಜು ಒರೆಸುವ ಕೈಚಾಲಿತ ಸಾಧನಕ್ಕೆ ಅಮೆರಿಕದ ಮೇರಿ ಆಂಡರ್ಸನ್ 1903ರಲ್ಲಿ ಪೇಟೆಂಟ್ ಪಡೆದಿದ್ದರು. ಬಫಲೋ ನಗರದ ಜಾನ್ ಓಯ್‌ಶೈ ಮಳೆಯಲ್ಲಿ ಕಾರು ಓಡಿಸುವಾಗ ಸೈಕಲ್ ಸವಾರನಿಗೆ ಡಿಕ್ಕಿ ಹೊಡೆದ ಮೇಲೆ ಈ ಕೆಲಸಕ್ಕೆ ಇಳಿದು, 1917ರಲ್ಲಿ ಆರಂಭಿಸಿದ ಕಂಪನಿಯೇ ಮುಂದೆ ಟ್ರೈಕೋ ಎಂದು ಹೆಸರಾಯಿತು. ಕ್ಲೀವ್‌ಲ್ಯಾಂಡಿನ ವಿಲಿಯಂ ಫೋಲ್ಬರ್ತ್ ಎಂಜಿನ್ನಿನ ಎಳೆತದಿಂದ ಓಡುವ ವೈಪರನ್ನು ರೂಪಿಸಿದವರಲ್ಲಿ ಮೊದಲಿಗರು. ಹಳೆಯ ಮೋಟರ್ ತಿರುಗಿಸಿ ನೋಡಿದರೆ ಬಹುಪಾಲು ಟ್ರೈಕೋ ಹೆಸರೇ ಕಾಣುತ್ತದೆ.

ಜನರಲ್ ಮೋಟರ್ಸ್ 1928ರಲ್ಲಿ ಮುಂಬಯಿಯಲ್ಲಿ ಕಾರು ಜೋಡಿಸಲು ಆರಂಭಿಸಿ 1954ರಲ್ಲಿ ಬಾಗಿಲು ಹಾಕಿತು. ನಮ್ಮ ತೋಟದ ಮನೆಗಳಲ್ಲೂ ಮೈಸೂರು, ಬೆಂಗಳೂರಿನ ಹಳೆಯ ಬಂಗಲೆಗಳಲ್ಲೂ ಉಳಿದಿರುವ ಅಮೆರಿಕನ್ ಕಾರುಗಳಲ್ಲಿ ಬಹಳಷ್ಟು ಆ ಕಾಲದವು. ಇಂಗ್ಲೆಂಡಿನ ಫೋರ್ಡ್ ಆಂಗ್ಲಿಯಾ, ಪ್ರಿಫೆಕ್ಟ್‌ಗಳಲ್ಲೂ 1950ರ ದಶಕದಲ್ಲಿ ವ್ಯಾಕ್ಯೂಮ್ ವೈಪರೇ ಇತ್ತು. ಅಂಬಾಸಿಡರ್‌ನದು ಮೊದಲಿನಿಂದಲೂ ಕರೆಂಟಿನದು, ಹಾಗಾಗಿ ಅದರ ಕತೆ ಬೇರೆ.

ಮೋಟರಿನ ಹೊಟ್ಟೆಯಲ್ಲಿ

ಮೋಟರ್ ಎಂದು ಕರೆದರೂ ಅದರಲ್ಲಿ ತಿರುಗುವುದು ಏನೂ ಇಲ್ಲ. ಅರ್ಧಚಂದ್ರಾಕಾರದ ಒಂದು ಲೋಹದ ಡಬ್ಬಿ. ಅದರೊಳಗೆ ಬಾಗಿಲಿನ ಹಲಗೆಯಂತೆ ಒಂದು ಪ್ಯಾಡಲ್, ಬೀಸಣಿಗೆಯ ಹಾಗೆ ಅತ್ತಿಂದಿತ್ತ ಆಡುತ್ತದೆ. ಪ್ಯಾಡಲ್‌ನ ಅಂಚಿಗೆ ಚರ್ಮದ ಪಟ್ಟಿ ಇದೆ. ಗಾಳಿ ಒಂದು ಬದಿಯಿಂದ ಇನ್ನೊಂದು ಬದಿಗೆ ನುಸುಳದಂತೆ ಅದು ಡಬ್ಬಿಯ ಗೋಡೆಗೆ ಒತ್ತಿಕೊಂಡಿರುತ್ತದೆ. ಸೈಕಲ್ ಪಂಪಿನ ಒಳಗೆ ಬಟ್ಟಲಿನಂಥ ಚರ್ಮದ ವಾಷರ್ ಇರುತ್ತಿತ್ತಲ್ಲ, ಅದೇ ಕೆಲಸ. ಆ ವಾಷರ್ ಒಣಗಿದರೆ ಪಂಪು ಎಷ್ಟು ಒತ್ತಿದರೂ ಟ್ಯೂಬಿಗೆ ಗಾಳಿ ಹೋಗದೆ ಪುಸಕ್ಕನೆ ಹಿಂದಕ್ಕೆ ಬರುತ್ತಿತ್ತು. ಇಲ್ಲೂ ಹಾಗೆಯೇ.

ಡಬ್ಬಿಯ ತಲೆಯ ಮೇಲೆ ಒಂದು ಪುಟ್ಟ ವಾಲ್ವ್. ಅದು ಎಳೆತವನ್ನು ಪ್ಯಾಡಲ್‌ನ ಎಡಬದಿಗೆ ಕೊಟ್ಟು ಬಲಬದಿಗೆ ಹೊರಗಿನ ಗಾಳಿ ಬಿಡುತ್ತದೆ. ಪ್ಯಾಡಲ್ ಎಡಕ್ಕೆ ತೂಗುತ್ತದೆ. ತುದಿ ಮುಟ್ಟುವ ಹೊತ್ತಿಗೆ ಅದು ಒಂದು ಸ್ಪ್ರಿಂಗನ್ನು ಎಳೆದು, ಸ್ಪ್ರಿಂಗ್ ಟಕ್ಕನೆ ಮಗುಚಿ, ವಾಲ್ವ್ ಇನ್ನೊಂದು ಬದಿಗೆ ಹಾರುತ್ತದೆ. ಈಗ ಎಳೆತ ಬಲಕ್ಕೆ, ಗಾಳಿ ಎಡಕ್ಕೆ. ಹಳೆಯ ಲೈಟ್ ಸ್ವಿಚ್ ಒತ್ತುವಾಗ ನಡುವೆ ಎಲ್ಲೂ ನಿಲ್ಲದೆ ಟಪ್ಪನೆ ಬೀಳುವುದನ್ನು ನೆನಪಿಸಿಕೊಳ್ಳಿ. ವಾಲ್ವ್ ಅರ್ಧದಲ್ಲಿ ನಿಂತರೆ ಎರಡೂ ಬದಿಗೆ ಎಳೆತ ಸಮನಾಗಿ ಪ್ಯಾಡಲ್ ಸತ್ತಂತೆ ನಿಲ್ಲುತ್ತದೆ. ವೈಪರ್ ಓಡುವಾಗ ಕೇಳಿಸುವ ಆ ಟಕ್, ಟಕ್ ಸದ್ದು ಈ ಸ್ಪ್ರಿಂಗಿನದು. ಅದು ಕೇಳುತ್ತಿದ್ದರೆ ವಾಲ್ವ್ ಬದುಕಿದೆ ಎಂದರ್ಥ.

ನಿಲ್ಲಿಸಿದಾಗಲೂ ಎಳೆತಕ್ಕೆ ಕೆಲಸವಿದೆ. ಗುಂಡಿ ತಿರುಗಿಸಿ ಬಂದ್ ಮಾಡಿದರೆ, ಹೆಚ್ಚಿನ ಮೋಟರ್‌ಗಳಲ್ಲಿ ಎಳೆತ ಒಂದೇ ಬದಿಗೆ ಹೋಗಿ, ಬ್ಲೇಡುಗಳನ್ನು ಗಾಜಿನ ಕೆಳ ಅಂಚಿಗೆ ಎಳೆದು ಹಿಡಿಯುತ್ತದೆ.

ಪತ್ತೆ ಕೆಲಸ ಗಾಜಿನ ಕಡೆಯಿಂದ

ಈಗ ಇಡೀ ಸರಪಳಿ ಕಣ್ಣ ಮುಂದಿದೆ: ಎಂಜಿನ್, ಕೊಳವೆ, ಮೋಟರ್, ಮೋಟರಿನಿಂದ ಬ್ಲೇಡಿಗೆ ಹೋಗುವ ಕಡ್ಡಿಗಳು ಅಥವಾ ತಂತಿಹಗ್ಗ, ಕೊನೆಗೆ ಬ್ಲೇಡು. ತಪ್ಪು ಇವುಗಳಲ್ಲಿ ಎಲ್ಲಿಯೂ ಇರಬಹುದು. ಎಲ್ಲರ ಕೈ ಮೊದಲು ಹೋಗುವುದು ಮೋಟರಿಗೆ. ನನ್ನ ಮಾತು ಕೇಳುವುದಾದರೆ ಅದನ್ನು ಕೊನೆಗೆ ಮುಟ್ಟಿ.

ಮೊದಲು ಬ್ಲೇಡು ಮತ್ತು ಅದರ ತೋಳನ್ನು ತೆಗೆದಿಟ್ಟು, ಎಂಜಿನ್ ಓಡಿಸಿ ವೈಪರ್ ಹಾಕಿ. ಕೊಟ್ಟಿಗೆಯ ಬಾಗಿಲು ಪೂರ್ತಿ ತೆರೆದಿರಲಿ. ಮುಚ್ಚಿದ ಜಾಗದಲ್ಲಿ ಎಂಜಿನ್ ಹೊಗೆ ಪ್ರಾಣ ತೆಗೆಯುತ್ತದೆ. ತೋಳಿಲ್ಲದ ದಂಡಗಳು ಚುರುಕಾಗಿ ಆಡುತ್ತಿದ್ದರೆ ತಪ್ಪು ಬ್ಲೇಡಿನಲ್ಲಿದೆ: ರಬ್ಬರ್ ಗಟ್ಟಿಯಾಗಿರಬಹುದು, ತೋಳಿನ ಸ್ಪ್ರಿಂಗ್ ಗಾಜನ್ನು ಅತಿಯಾಗಿ ಒತ್ತುತ್ತಿರಬಹುದು, ಇಲ್ಲವೇ ಯಾರೋ ಮಾರುತಿ ಕಾರಿನ ಉದ್ದ ಬ್ಲೇಡು ತಂದು ಹಾಕಿರಬಹುದು. ಉದ್ದ ಹೆಚ್ಚಿದಷ್ಟೂ ಎಳೆಯುವ ಭಾರ ಹೆಚ್ಚು. ಗಾಜಿನ ಮೇಲೆ ಕುಳಿತ ಎಣ್ಣೆಯ ಪೊರೆಯೂ ಬ್ಲೇಡನ್ನು ಹಿಡಿಯುತ್ತದೆ. ಒಣ ಗಾಜಿನ ಮೇಲೆ ವೈಪರ್ ಪರೀಕ್ಷೆ ಮಾಡಲೇಬಾರದು. ಒಂದು ಚೊಂಬು ನೀರು ಸುರಿದು ನೋಡಿ.

ತೋಳು ತೆಗೆದರೂ ಆಡದಿದ್ದರೆ ಮೋಟರಿನಿಂದ ಕಡ್ಡಿಯನ್ನು ಬಿಡಿಸಿ, ಕಡ್ಡಿಗಳನ್ನಷ್ಟೇ ಕೈಯಿಂದ ಆಡಿಸಿ. ಎರಡು ಬೆರಳಿನಲ್ಲಿ ಆಡಬೇಕು. ಗಾಜಿನ ಕೆಳಗೆ ಹೊರಬರುವ ದಂಡದ ಬುಡದಲ್ಲಿ ದಶಕಗಳ ಧೂಳು, ಬಣ್ಣ, ತುಕ್ಕು ಸೇರಿ ಅದು ಬಿಗಿದುಕೊಂಡಿರುವುದು ತೀರಾ ಸಾಮಾನ್ಯ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ತಂತಿಹಗ್ಗ ಇರುವ ಕಾರುಗಳಲ್ಲಿ ಹಗ್ಗ ಸಡಿಲವಾಗಿ ರಾಟೆಯಿಂದ ಜಾರಿರುತ್ತದೆ. ಒಂದು ಎಚ್ಚರಿಕೆ: ಮೋಟರ್ ಜೋಡಿಸಿಕೊಂಡೇ ಇರುವಾಗ ಬ್ಲೇಡನ್ನು ಕೈಯಿಂದ ಜಗ್ಗಬೇಡಿ. ಒಣಗಿದ ಚರ್ಮ ಅಂಟಿಕೊಂಡಿದ್ದರೆ ಹರಿದುಹೋಗುತ್ತದೆ.

ಎಳೆತ ಅಳೆಯುವುದು

ವ್ಯಾಕ್ಯೂಮ್ ಗೇಜ್ ದುಬಾರಿ ಸಾಧನವಲ್ಲ. ಹಳೆಯ ಕಾರು ಇಟ್ಟುಕೊಂಡವರ ಮನೆಯಲ್ಲಿ ಸ್ಪ್ಯಾನರ್ ಜೊತೆ ಇರಲೇಬೇಕಾದದ್ದು. ಎಂಜಿನ್ ಬಿಸಿಯಾದ ಮೇಲೆ ವೈಪರಿನ ಕೊಳವೆಯನ್ನು ಮ್ಯಾನಿಫೋಲ್ಡ್ ತುದಿಯಲ್ಲಿ ಬಿಚ್ಚಿ, ಅಲ್ಲಿಗೆ ಗೇಜ್ ಸಿಕ್ಕಿಸಿ. ಫ್ಯಾನಿನ ಹತ್ತಿರ ಸಡಿಲ ತೋಳು, ಪಂಚೆಯ ಚುಂಗು ಹೋಗದಿರಲಿ.

ಊರಿನ ಎತ್ತರಕ್ಕೆ ತಕ್ಕಷ್ಟು ಕಳೆದು, ಮುಳ್ಳು ಅಲುಗಾಡದೆ ಒಳ್ಳೆಯ ಅಂಕಿಯಲ್ಲಿ ನಿಂತರೆ ಎಂಜಿನ್ ತನ್ನ ಪಾಲಿನದನ್ನು ಕೊಡುತ್ತಿದೆ. ಮುಳ್ಳು ಸ್ಥಿರವಾಗಿದ್ದು ಅಂಕಿ ಮಾತ್ರ ತಗ್ಗಿದ್ದರೆ ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ಗಿನ ಕಿಡಿ ಹಾರುವ ಹೊತ್ತು, ಹಿಂದೆ ಬಿದ್ದಿರಬಹುದು, ಇಲ್ಲವೇ ಮ್ಯಾನಿಫೋಲ್ಡ್ ಪ್ಯಾಕಿಂಗಿನಲ್ಲಿ ಗಾಳಿ ಸೋರುತ್ತಿರಬಹುದು. ಮುಳ್ಳು ತಾಳ ಹಾಕಿದಂತೆ ಒಂದೇ ಲಯದಲ್ಲಿ ಕೆಳಗೆ ಬಿದ್ದು ಏಳುತ್ತಿದ್ದರೆ ಯಾವುದೋ ಒಂದು ಸಿಲಿಂಡರಿನ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ: ಸುಟ್ಟಿದೆ, ಇಲ್ಲವೇ ಅದನ್ನು ತೆರೆಯುವ ಟ್ಯಾಪೆಟ್ ಬಿಗಿಯಾಗಿದೆ. ನಿಧಾನ ವೈಪರನ್ನು ಹಿಡಿದು ಹೊರಟವರಿಗೆ ಎಂಜಿನ್ನಿನ ಬೇನೆ ಸಿಗುವುದು ಹೀಗೆ. ಈ ವೈಪರ್ ಎಂಜಿನ್ನಿನ ಉಸಿರಿನದೇ ಒಂದು ಕವಲು. ಉಸಿರು ಸೋತರೆ ಅದೂ ಸೋಲುತ್ತದೆ.

ಗೇಜ್ ಇಲ್ಲದವರಿಗೂ ಒಂದು ದಾರಿ ಇದೆ. ಐಡ್ಲಿಂಗ್‌ನಲ್ಲಿ ಕೊಳವೆ ಬಿಚ್ಚಿ ಮ್ಯಾನಿಫೋಲ್ಡ್ ತೂತಿಗೆ ಹೆಬ್ಬೆರಳಿಟ್ಟರೆ ಬೆರಳು ಗಟ್ಟಿಯಾಗಿ ಕಚ್ಚಿಕೊಳ್ಳಬೇಕು. ಕಚ್ಚದಿದ್ದರೆ ತೂತು ಮಸಿಯಿಂದ ಮುಚ್ಚಿದೆ. ತಂತಿಯಿಂದ ಕೆರೆಯಬಹುದು, ಆದರೆ ಎಂಜಿನ್ ನಿಲ್ಲಿಸಿ, ಮಸಿ ಒಳಗೆ ಬೀಳದಂತೆ.

ಬೆರಳುದ್ದದ ಕೊಳವೆ

ನಮ್ಮ ಷೆವರ್ಲೆಯ ರೋಗ ಇಲ್ಲಿತ್ತು. ಕೊಟ್ಟಿಗೆಯಲ್ಲಿ ಶುರು ಮಾಡಿದರೆ ವೈಪರ್ ಚೆನ್ನಾಗಿ ಆಡುತ್ತಿತ್ತು. ರಸ್ತೆಗೆ ಬಂದು ಇಪ್ಪತ್ತು ನಿಮಿಷಕ್ಕೆ ಸೊರಗಿ, ಅರ್ಧ ಗಂಟೆಗೆ ನಿಲ್ಲುತ್ತಿತ್ತು. ಮನೆಗೆ ತಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಮತ್ತೆ ಸರಿ. ಮೊದಲೊಬ್ಬ ಮೆಕ್ಯಾನಿಕ್ ಮೋಟರ್ ಹೋಗಿದೆ ಎಂದಿದ್ದರು. ದೊಡ್ಡಪ್ಪ ಎಲ್ಲೆಲ್ಲೋ ಹುಡುಕಿ ಇನ್ನೊಂದು ಮೋಟರ್ ತರಿಸಿ ಹಾಕಿಸಿದ್ದರು. ಅದೂ ಹಾಗೆಯೇ ಮಾಡಿತು.

ಚಾರ್ಮಾಡಿಯಿಂದ ಬಂದ ಮರುದಿನ ಬಾನೆಟ್ ತೆರೆದಿಟ್ಟು ಎಂಜಿನ್ ಓಡಲು ಬಿಟ್ಟು, ಕೊಳವೆಯ ಮೇಲೆ ಟಾರ್ಚ್ ಹಿಡಿದು ನಾನು ಸುಮ್ಮನೆ ನೋಡುತ್ತ ನಿಂತೆ. ಮ್ಯಾನಿಫೋಲ್ಡ್‌ನಿಂದ ಹೊರಟ ಬೆರಳುದ್ದದ ರಬ್ಬರ್ ತುಂಡು, ಒಂದು ಬಾಗು ತಿರುಗಿ ಲೋಹದ ಪೈಪಿಗೆ ಸೇರುತ್ತದೆ. ಹೊರನೋಟಕ್ಕೆ ಹೊಸದು, ಬಿರುಕಿಲ್ಲ. ಎಂಜಿನ್ ಬಿಸಿಯಾದಂತೆ ಅದರ ಬಾಗು ಮೆಲ್ಲನೆ ಒಳಕ್ಕೆ ಕುಸಿಯಿತು. ಮೊದಲು ಮೊಟ್ಟೆಯಾಕಾರ, ಆಮೇಲೆ ಚಪ್ಪಟೆ, ಕೊನೆಗೆ ಅದರ ಎರಡು ಗೋಡೆಗಳು ಒಂದಕ್ಕೊಂದು ಅಂಟಿಕೊಂಡವು. ಅದೇ ಕ್ಷಣಕ್ಕೆ ಗಾಜಿನ ಮೇಲೆ ಬ್ಲೇಡು ನಿಂತಿತು. ಯಾರೋ ಯಾವತ್ತೋ ತೆಳ್ಳನೆಯ ಸಾದಾ ಟ್ಯೂಬ್ ಹಾಕಿದ್ದರು. ತಣ್ಣಗಿರುವಾಗ ಆಕಾರ ಹಿಡಿದು ನಿಲ್ಲುತ್ತಿತ್ತು. ಬಿಸಿಯಾದಾಗ ಮೆತ್ತಗಾಗಿ, ತಾನು ಸಾಗಿಸಬೇಕಾದ ಎಳೆತಕ್ಕೇ ಸೋತು ಮುಚ್ಚಿಕೊಳ್ಳುತ್ತಿತ್ತು. ನೀರಿನ ಪೈಪು ಹೊರಕ್ಕೆ ಉಬ್ಬಿ ಒಡೆಯುತ್ತದೆ. ಎಳೆತದ ಪೈಪು ಒಳಕ್ಕೆ ಕುಸಿಯುತ್ತದೆ. ಅದಕ್ಕೇ ದಪ್ಪ ಗೋಡೆಯ, ವ್ಯಾಕ್ಯೂಮ್‌ಗೆಂದೇ ಮಾಡಿದ ರಬ್ಬರ್ ಕೊಳವೆ ಬೇಕು. ಒಳಗಿನ ತೂತು ಹಳೆಯದರಷ್ಟೇ ಇರಬೇಕು. ಸಣ್ಣದಾದರೆ ಗಾಳಿ ಸಾಗುವುದು ನಿಧಾನವಾಗಿ ವೈಪರೂ ನಿಧಾನವಾಗುತ್ತದೆ.

ಇದಕ್ಕೆ ವಿರುದ್ಧವಾದ ರೋಗ ಬಿರುಕು. ಹಳೆಯ ರಬ್ಬರ್ ಸೌದೆಯಂತೆ ಗಟ್ಟಿಯಾಗಿ, ಕಾಣದ ಕೆಳಬದಿಯಲ್ಲಿ ಸೀಳುತ್ತದೆ. ಆಗ ಎಂಜಿನ್ ಆ ಸೀಳಿನಿಂದ ಲೆಕ್ಕಕ್ಕಿಲ್ಲದ ಗಾಳಿ ಕುಡಿದು ಐಡ್ಲಿಂಗ್‌ನಲ್ಲಿ ಕುಂಟುತ್ತದೆ. ಇದನ್ನು ಹಿಡಿಯಲು ಸುಲಭ ಉಪಾಯವಿದೆ: ವೈಪರ್ ಕೊಳವೆಯನ್ನು ಮ್ಯಾನಿಫೋಲ್ಡ್ ಹತ್ತಿರ ಬಟ್ಟೆ ಸುತ್ತಿದ ಇಕ್ಕುಳದಿಂದ ಹಿಸುಕಿ. ಎಂಜಿನ್ ಕುಂಟುವುದು ನಿಂತು ಸರಾಗವಾದರೆ ಸೋರಿಕೆ ಇಕ್ಕುಳದಿಂದ ಮುಂದೆ ಎಲ್ಲೋ ಇದೆ. ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿದು ಹಿಸುಕುತ್ತ ಹೋದರೆ ಜಾಗ ಸಿಗುತ್ತದೆ. ನಡುವಿನ ಲೋಹದ ಪೈಪಿನ ಮೇಲೆ ಅನುಮಾನವಿದ್ದರೆ ಮ್ಯಾನಿಫೋಲ್ಡ್‌ನಿಂದ ಮೋಟರಿಗೆ ನೇರವಾಗಿ ಒಂದು ಹೊಸ ಕೊಳವೆ ಎಳೆದು ನೋಡಿ. ಅದರಲ್ಲಿ ಓಡಿದರೆ ಮೋಟರಿಗೆ ಏನೂ ಆಗಿಲ್ಲ.

ಕೊನೆಗೆ ಮೋಟರ್

ಇಷ್ಟೆಲ್ಲ ಸರಿಯಿದ್ದೂ ಓಡದಿದ್ದರೆ ಮೋಟರ್ ಹೊರಗೆ ತೆಗೆಯಿರಿ. ಬ್ರೇಕಿನ ಗಾಳಿ ತೆಗೆಯಲು ಬಳಸುವ ಕೈಪಂಪು ಯಾವುದಾದರೂ ಗ್ಯಾರೇಜಿನಲ್ಲಿ ಸಿಕ್ಕರೆ ಅದರಿಂದ ಮೇಜಿನ ಮೇಲೆಯೇ ಪರೀಕ್ಷಿಸಬಹುದು. ಭಾರವಿಲ್ಲದ ಮೋಟರ್ ಕೆಲವೇ ಇಂಚಿನ ಎಳೆತಕ್ಕೆ ಆಡಬೇಕು. ಎಷ್ಟು ಪಂಪ್ ಮಾಡಿದರೂ ಮುಳ್ಳು ಏರದೆ ಸುಯ್ಯೆಂದು ಸದ್ದು ಬಂದರೆ ಚರ್ಮ ಅಥವಾ ಪ್ಯಾಕಿಂಗ್ ಸೋರುತ್ತಿದೆ. ಮುಳ್ಳು ಏರಿ ನಿಂತು ಪ್ಯಾಡಲ್ ಮಾತ್ರ ಅಲುಗದಿದ್ದರೆ ಚರ್ಮ ಗೋಡೆಗೆ ಅಂಟಿದೆ. ಒಂದು ಬದಿಗೆ ಹೋಗಿ ಅಲ್ಲೇ ನಿಂತರೆ ವಾಲ್ವ್ ಮಗುಚುತ್ತಿಲ್ಲ: ಸ್ಪ್ರಿಂಗ್ ಮುರಿದಿದೆ, ಇಲ್ಲವೇ ಹಳೆಯ ಎಣ್ಣೆ ಮೇಣದಂತಾಗಿ ಹಿಡಿದುಕೊಂಡಿದೆ.

ಬಿಚ್ಚುವ ಮೊದಲು ಮೊಬೈಲಿನಲ್ಲಿ ಎಲ್ಲ ಕೋನದಿಂದ ಚಿತ್ರ ತೆಗೆದಿಡಿ. ಸ್ಪ್ರಿಂಗ್ ಯಾವ ಕೊಕ್ಕೆಯಲ್ಲಿತ್ತು ಎಂಬುದು ಆಮೇಲೆ ಖಂಡಿತ ಮರೆಯುತ್ತದೆ. ಡಬ್ಬಿಯ ಲೋಹ ಅಚ್ಚಿನಲ್ಲಿ ಎರಕ ಹೊಯ್ದದ್ದು, ವಯಸ್ಸಾದಂತೆ ಬಿಸ್ಕತ್ತಿನ ಹಾಗೆ ಒಡೆಯುತ್ತದೆ. ಸ್ಕ್ರೂ ಬಿಡದಿದ್ದರೆ ಜೋರು ಮಾಡಬೇಡಿ. ಮುಚ್ಚಳದ ಕೆಳಗಿನ ಪ್ಯಾಕಿಂಗ್ ಕಾಗದದಷ್ಟು ತೆಳ್ಳಗೆ ಇರುತ್ತದೆ. ಅದರ ಜಾಗಕ್ಕೆ ದಪ್ಪನೆಯದನ್ನು ಕತ್ತರಿಸಿ ಹಾಕಿದರೆ ಡಬ್ಬಿಯ ಒಳ ಅಗಲ ಹೆಚ್ಚಿ ಪ್ಯಾಡಲ್‌ನ ಅಂಚಿನಲ್ಲಿ ಸಂದು ಬೀಳುತ್ತದೆ. ಕೆಲವು ಮೋಟರ್‌ಗಳಲ್ಲಿ ಹೊರಗಾಳಿ ಒಳಬರುವ ತೂತಿಗೆ ಸಣ್ಣ ಫೆಲ್ಟ್ ಜಾಲರಿ ಇರುತ್ತದೆ. ಅದು ಧೂಳಿನಿಂದ ಕಟ್ಟಿದರೂ ವೈಪರ್ ನಿಲ್ಲುತ್ತದೆ, ಯಾಕೆಂದರೆ ತಳ್ಳಬೇಕಾದದ್ದು ಆ ಗಾಳಿಯೇ.

ದೊಡ್ಡಪ್ಪನ ಹಳೆಯ ಮೋಟರನ್ನು, ತಪ್ಪಿಲ್ಲದೆ ಶಿಕ್ಷೆ ಅನುಭವಿಸಿ ಮೂಲೆ ಸೇರಿದ್ದನ್ನು, ವೃತ್ತಪತ್ರಿಕೆಯ ಮೇಲೆ ಬಿಚ್ಚಿ ನೋಡಿದೆ. ಚರ್ಮದ ಅಂಚು ಹಲಸಿನ ಹಪ್ಪಳದಂತೆ ಸುರುಟಿಕೊಂಡಿತ್ತು, ಆದರೆ ಹರಿದಿರಲಿಲ್ಲ. ಹರಿಯದ ಚರ್ಮಕ್ಕೆ ಜೀವ ಬರಿಸಬಹುದು. ಇದಕ್ಕೆ ಸರಿಯಾದದ್ದು ಕುದುರೆ ಜೀನುಗಳಿಗೆ ಹಚ್ಚುವ ನೀಟ್ಸ್‌ಫುಟ್ ಎಣ್ಣೆ. ತೆಳುವಾಗಿ ಹಚ್ಚಿ ಒಂದೆರಡು ದಿನ ಹೀರಲು ಬಿಟ್ಟು, ಹೆಚ್ಚಿನದನ್ನು ಒರೆಸಬೇಕು. ಮನೆಯಲ್ಲಿ ಕೈಗೆ ಸಿಗುವುದೆಂದು ಕೊಬ್ಬರಿ ಎಣ್ಣೆ ಹಾಕಬೇಡಿ. ಸೈಕಲ್ ಪಂಪಿಗೆ ನಡೆಯುತ್ತಿತ್ತು, ನಿಜ. ಆದರೆ ಅದು 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ, ಮಲೆನಾಡಿನ ಮಳೆಗಾಲದ ಚಳಿಯಲ್ಲಿ ಪ್ಯಾಡಲ್ ಅದರಲ್ಲೇ ಹೂತುಕೊಳ್ಳುತ್ತದೆ. ಗ್ರೀಸ್ ಕೂಡ ಬೇಡ. ಪೆಟ್ರೋಲಿನಲ್ಲಿ ಚರ್ಮವನ್ನು ತೊಳೆದರೆ ಉಳಿದ ಪಸೆಯೂ ಹೋಗುತ್ತದೆ. ಲೋಹದ ಭಾಗಗಳನ್ನು ಮಾತ್ರ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಮುಚ್ಚಳ ಬಿಚ್ಚುವ ಧೈರ್ಯ ಬಾರದಿದ್ದರೆ ಕೊಳವೆಯ ಬಾಯಿಗೆ ಅದೇ ಎಣ್ಣೆಯ ಮೂರು ನಾಲ್ಕು ಹನಿ ಬಿಟ್ಟು, ದಂಡವನ್ನು ಬೆರಳಿನಿಂದ ಮೆಲ್ಲಗೆ ಆಡಿಸಿ, ರಾತ್ರಿಯಿಡೀ ಇಡಿ.

ನೀಲಿ ಹೊಗೆ ಬಂದರೆ

ಏರಿನಲ್ಲಿ ನಿಲ್ಲುವ ತೊಂದರೆಗೆ ಕಂಪನಿಗಳೂ ಪರಿಹಾರ ಹುಡುಕಿದ್ದವು. ಕೆಲವು ಕಾರುಗಳಲ್ಲಿ ಎಳೆತವನ್ನು ಕೂಡಿಡಲು ಒಂದು ಡಬ್ಬಿ ಮತ್ತು ಅದು ಹಿಂದಕ್ಕೆ ಹೋಗದಂತೆ ಒಮ್ಮುಖ ವಾಲ್ವ್ ಇಟ್ಟರು. ತೊಟ್ಟಿಯಲ್ಲಿ ನೀರು ತುಂಬಿಟ್ಟು ನಲ್ಲಿ ನಿಂತಾಗ ಬಳಸುವಂತೆ ಇದು, ಒಂದಿಷ್ಟು ಸಲ ಒರೆಸಲು ಸಾಕು. ಇನ್ನು ಕೆಲವದರಲ್ಲಿ ಎಂಜಿನ್ನಿಗೆ ಪೆಟ್ರೋಲ್ ಒದಗಿಸುವ ಪಂಪಿನ ಜೊತೆಯಲ್ಲೇ ಎರಡನೆಯ ಡಯಾಫ್ರಂ, ಅಂದರೆ ಮೇಲೆ ಕೆಳಗೆ ಆಡಿ ಹೀರುವ ಪೊರೆ, ಸೇರಿಸಿ, ವೈಪರಿಗೆಂದೇ ಎಳೆತ ಹುಟ್ಟಿಸಿದರು. ನೋಡಿದರೆ ಗೊತ್ತಾಗುತ್ತದೆ: ಪಂಪು ಎರಡಂತಸ್ತಿನ ಮನೆಯಂತಿರುತ್ತದೆ, ಪೈಪುಗಳೂ ನಾಲ್ಕು.

ಈ ಎರಡನೆಯ ಡಯಾಫ್ರಂ ಹರಿದರೆ ವೈಪರ್ ಸೋಲುವುದಷ್ಟೇ ಅಲ್ಲ, ಮ್ಯಾನಿಫೋಲ್ಡ್ ಅದರ ಮೂಲಕ ಎಂಜಿನ್ನಿನ ಹೊಟ್ಟೆಯಲ್ಲಿರುವ ಆಯಿಲನ್ನೇ ಹೀರತೊಡಗುತ್ತದೆ. ಹಿಂದಿನಿಂದ ನೀಲಿ ಹೊಗೆ, ಪ್ಲಗ್ಗುಗಳ ಮೇಲೆ ಎಣ್ಣೆ, ವಾರಕ್ಕೊಮ್ಮೆ ಆಯಿಲ್ ತುಂಬಿಸುವ ಕಾಟ. ಪಿಸ್ಟನ್ ರಿಂಗ್ ಹೋಗಿದೆ ಎಂದುಕೊಂಡು ಎಂಜಿನ್ ಇಳಿಸುವ ಮೊದಲು ಪಂಪಿನಿಂದ ಮ್ಯಾನಿಫೋಲ್ಡ್‌ಗೆ ಹೋಗುವ ಕೊಳವೆ ಬಿಚ್ಚಿ, ಮ್ಯಾನಿಫೋಲ್ಡ್ ತೂತಿಗೆ ಬಿರಡೆ ಹಾಕಿ ಓಡಿಸಿ. ಒಳಗೆ ಕುಳಿತ ಆಯಿಲ್ ಉರಿದು ಮುಗಿದ ಮೇಲೆ ಹೊಗೆ ನಿಂತರೆ ಸಾವಿರಾರು ರೂಪಾಯಿ ಉಳಿಯಿತು.

ಡೀಸೆಲ್ ಎಂಜಿನ್ ಕೂರಿಸಿದ ಹಳೆಯ ಕಾರು

ಪೆಟ್ರೋಲ್ ತುಟ್ಟಿಯಾದ ಮೇಲೆ ನಮ್ಮಲ್ಲಿ ಹಲವು ಹಳೆಯ ಕಾರು, ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದರು. ಅಂಥದ್ದು ನಿಮ್ಮಲ್ಲಿದ್ದರೆ ವೈಪರ್ ಹುಡುಕಾಟವನ್ನು ಬಿಡಬಹುದು. ಡೀಸೆಲ್ ಎಂಜಿನ್ನಿನ ಗಾಳಿದಾರಿಯಲ್ಲಿ ಸಾಮಾನ್ಯವಾಗಿ ಥ್ರಾಟಲ್ ಬಾಗಿಲೇ ಇರುವುದಿಲ್ಲ, ಹಾಗಾಗಿ ಮ್ಯಾನಿಫೋಲ್ಡ್‌ನಲ್ಲಿ ಎಳೆತ ಹುಟ್ಟುವುದೇ ಇಲ್ಲ. ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಬೇಕು, ಇಲ್ಲವೇ ಕರೆಂಟಿನ ಮೋಟರ್.

ಪೆಟ್ರೋಲ್ ಕಾರಿಗೂ ಕರೆಂಟಿನ ಮೋಟರ್ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಹಾಕಬಹುದು, ಕಾರಿನ ವೋಲ್ಟೇಜಿಗೆ ಹೊಂದುವುದನ್ನು ಆರಿಸಿ. ಮಳೆಗಾಲದಲ್ಲಿ ದಿನವೂ ಓಡಿಸುವವರಿಗೆ ನಾನು ಅದನ್ನೇ ಹೇಳುತ್ತೇನೆ. ವರ್ಷಕ್ಕೆ ನಾಲ್ಕು ಸಲ ಹೊರಬರುವ ಕಾರಿಗೆ ಮೂಲದ್ದನ್ನೇ ಉಳಿಸಿಕೊಳ್ಳಬೇಕು ಎಂಬುದು ನನ್ನ ಆಸೆ. ಒಂದು ವೇಳೆ ಬದಲಿಸಿದರೂ ತೆಗೆದ ಮೋಟರನ್ನು ಗುಜರಿಗೆ ಹಾಕದೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿಡಿ. ಮ್ಯಾನಿಫೋಲ್ಡ್ ತೂತಿಗೆ ಬಿರಡೆ ಹಾಕುವುದನ್ನು ಮರೆಯಬೇಡಿ.

ರಸ್ತೆಯ ಮೇಲಿನ ಪರೀಕ್ಷೆ

ಎಲ್ಲ ಜೋಡಿಸಿದ ಮೇಲೆ ಮೊದಲು ಮನೆಯಂಗಳದಲ್ಲಿ ಗಾಜಿಗೆ ನೀರು ಸುರಿಯುತ್ತ ಅರ್ಧ ಗಂಟೆ ಎಂಜಿನ್ ಓಡಲಿ. ಬಿಸಿಯಾದ ಮೇಲೂ ಅದೇ ವೇಗ ಇರಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ, ಹಗಲಿನಲ್ಲಿ, ಒಂದು ಏರು ಹತ್ತಿ. ನಿಧಾನವಾಗುತ್ತದೆ, ಅದು ಸ್ವಭಾವ. ಕಾಲು ಸಡಿಲಿಸಿದ ಕೂಡಲೇ ಚುರುಕಾಗಬೇಕು. ಆಗದಿದ್ದರೆ ಮತ್ತೆ ಕೊಳವೆಯ ಕಡೆ ಹೋಗಿ.

ನಾವು ದಪ್ಪ ಗೋಡೆಯ ಕೊಳವೆ ಹಾಕಿ, ಎಣ್ಣೆ ಕುಡಿಸಿದ ಹಳೆಯ ಮೋಟರನ್ನೇ ಮರಳಿ ಕೂರಿಸಿದೆವು. ಶ್ರಾವಣದಲ್ಲಿ ದೊಡ್ಡಪ್ಪ ಮತ್ತೆ ಚಾರ್ಮಾಡಿ ಹತ್ತಿದರು. ಏರಿನ ಉದ್ದಕ್ಕೂ ಅವರ ಬಲಗಾಲು ಒತ್ತುವುದು, ಬಿಡುವುದು, ಒತ್ತುವುದು. ಪ್ರತಿ ಸಲ ಬಿಟ್ಟಾಗಲೂ ಟಕ್, ಟಕ್ ಎಂದು ಎರಡು ಬ್ಲೇಡುಗಳೂ ಗಾಜಿನ ಮೇಲೆ ಹಾದುಹೋದವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲು ನಿಲ್ಲಿಸಿದಾಗ ಗುಂಡಿ ತಿರುಗಿಸಿದರು. ಬ್ಲೇಡುಗಳು ಕೆಳಗಿನ ಅಂಚಿಗೆ ಹೋಗಿ ಮಲಗಿದವು.